ನೇಟಿಕ್ಕಿನ ಮೋಚಿ ಹೆನ್ರಿ ವಿಲ್ಸನ್

ಅಮೇರಿಕ ಸಂಯುಕ್ತ ಸಂಸ್ಥಾನಗಳ ಇತಿಹಾಸವನ್ನು ಕುರಿತು ಮಾತು ಬಂದಾಗ ಅಬ್ರಹಾಂ ಲಿಂಕನ್ನನ ಹೆಸರು ಮೊದಲು ನಾಲಗೆಯ ಮೇಲೆ ಬರುವುದು ಸಹಜ. ಮರದ ದಿಮ್ಮಿಗಳ ಗುಡಿಸಲಿನಲ್ಲಿ ಹುಟ್ಟಿ ರಾಷ್ಟ್ರಾಧ್ಯಕ್ಷನಾದ ಆತನ ಕಥೆಯನ್ನು ನಮ್ಮ ಶಾಲೆಯ ಮಕ್ಕಳೂ ಬಲ್ಲರು. ಅದೇ ಕಾಲದಲ್ಲಿ ಅಂಥದೇ ಬಡತನದಲ್ಲಿ ಹುಟ್ಟಿ, ಹತ್ತನೆಯ ವಯಸ್ಸಿಗೆ ಪರರ ಮನೆಯ ಆಳಾಗಿ, ಜೋಡು ಹೊಲಿದು ಹೊಟ್ಟೆ ಹೊರೆದು, ಕೊನೆಗೆ ಆ ರಾಷ್ಟ್ರದ ಉಪಾಧ್ಯಕ್ಷ ಪೀಠವನ್ನೇರಿದ ಹೆನ್ರಿ ವಿಲ್ಸನ್ನನನ್ನು ಮಾತ್ರ ಅವನ ದೇಶದವರೇ ಬಹುಮಟ್ಟಿಗೆ ಮರೆತಿದ್ದಾರೆ.

ಕೈಕಸುಬಿನವನೊಬ್ಬನು ಮೇಲೆ ಬಂದನೆಂಬ ಒಂದೇ ಕಾರಣಕ್ಕಾಗಿ ಅವನನ್ನು ಸ್ಮರಿಸಬೇಕಾಗಿಲ್ಲ. ಹಾಗೆ ಬಂದವರು ಆ ದೇಶದಲ್ಲಿ ಅನೇಕರು. ಲಿಂಕನ್ನನ ಅನಂತರ ಅಧ್ಯಕ್ಷನಾದ ಆಂಡ್ರೂ ಜಾನ್ಸನ್ನನು ದರ್ಜಿಯಾಗಿದ್ದವನು; ಅವನೂ ಬಾಲ್ಯದಲ್ಲಿ ಕರಾರಿನ ಆಳಾಗಿ ದುಡಿದವನು. ತಾವು ಏರಿಬಂದ ಮೆಟ್ಟಿಲನ್ನು ಉಳಿದವರ ಪಾಲಿಗೂ ಇರಿಸಬೇಕೆ, ಕಿತ್ತುಹಾಕಬೇಕೆ ಎಂಬ ಪ್ರಶ್ನೆ ಎದುರಾದಾಗ ಈ ಮೋಚಿಯೂ ಆ ದರ್ಜಿಯೂ ಎರಡು ದಿಕ್ಕಿಗೆ ನಡೆದರು. ಅದನ್ನು ತಿಳಿಯಬೇಕಾದರೆ ವಿಲ್ಸನ್ನನ ಬಾಲ್ಯದಿಂದಲೇ ಹೊರಡಬೇಕು.

ಆತನು ಹುಟ್ಟಿದ್ದು 1812ನೆಯ ಫೆಬ್ರುವರಿ 16ರಂದು, ನ್ಯೂ ಹ್ಯಾಂಪ್‌ಶೈರ್ ಸಂಸ್ಥಾನದ ಫಾರ್ಮಿಂಗ್ಟನ್ ಎಂಬ ಊರಿನಲ್ಲಿ. ತಂದೆ ಮರ ಕೊಯ್ಯುವ ಗಿರಣಿಯ ಕೂಲಿಕಾರ. ನೆರೆಯಲ್ಲಿದ್ದ ಮಕ್ಕಳಿಲ್ಲದ ಸಿರಿವಂತನೊಬ್ಬನ ಹೆಸರನ್ನು ಮಗುವಿಗಿಟ್ಟರೆ ಆತನು ಮುಂದೆ ಏನಾದರೂ ಕೊಟ್ಟಾನೆಂಬ ಆಸೆಯಿಂದ ಜೆರೆಮಾಯ ಜೋನ್ಸ್ ಕೋಲ್ಬಾತ್ ಎಂದು ನಾಮಕರಣ ಮಾಡಿದರು. ಆ ಆಸೆ ಫಲಿಸಲಿಲ್ಲ. ತೊಟ್ಟಿಲ ಪಕ್ಕದಲ್ಲಿಯೇ ಹಸಿವು ಕುಳಿತಿತ್ತೆಂದೂ, ತಾಯಿಯ ಬಳಿ ರೊಟ್ಟಿ ಇಲ್ಲದಿರುವಾಗ ಆಕೆಯನ್ನು ರೊಟ್ಟಿ ಕೇಳುವುದೆಂದರೇನೆಂಬುದು ತನಗೆ ಗೊತ್ತೆಂದೂ ಆತನು ಮುಂದೆ ಒಂದು ಸಭೆಯಲ್ಲಿ ಹೇಳಿಕೊಂಡನು.

ಹತ್ತು ವರ್ಷ ತುಂಬಿದಾಗ ಬಾಲಕನನ್ನು ಒಬ್ಬ ರೈತನಲ್ಲಿ ಕರಾರಿಗೆ ಬಿಟ್ಟರು. ಇಪ್ಪತ್ತೊಂದನೆಯ ವಯಸ್ಸಿನವರೆಗೆ ಹೊಲಮನೆಯ ದುಡಿಮೆ. ಪ್ರತಿಯಾಗಿ ಅನ್ನ, ಬಟ್ಟೆ, ಚಳಿಗಾಲದಲ್ಲಿ ವರ್ಷಕ್ಕೆ ಒಂದು ತಿಂಗಳ ಶಾಲೆ. ಅವಧಿ ಮುಗಿದ ದಿನ ಆರು ಕುರಿ, ಒಂದು ಜೊತೆ ಎತ್ತು. ನಮ್ಮಲ್ಲಿ ಜೀತವೆಂದು ಕರೆಯುವುದಕ್ಕೆ ಇದು ತೀರ ದೂರದ್ದಲ್ಲ. ಆದರೆ ಒಂದು ಅಂತರವಿತ್ತು. ಈ ಕರಾರಿಗೆ ಕೊನೆಯ ದಿನವೆಂಬುದೊಂದಿತ್ತು. ಆ ದಿನದ ಬಳಿಕ ಒಡೆಯನು ಒಡೆಯನಲ್ಲ, ಆಳು ಆಳಲ್ಲ. ಈ ಅಂತರದ ಬೆಲೆಯನ್ನು ವಿಲ್ಸನ್ನನು ಮುಂದೆ ತನ್ನ ದೇಶದ ದೊಡ್ಡವರಿಗೆ ತಿಳಿಸಿ ಹೇಳಬೇಕಾಗಿ ಬಂದಿತು.

ಹನ್ನೊಂದು ವರ್ಷಗಳಲ್ಲಿ ಹನ್ನೊಂದು ತಿಂಗಳ ಶಾಲೆ. ಅಷ್ಟರಲ್ಲಿ ಅಕ್ಷರವೇನೋ ಬಂದಿತು, ವಿದ್ಯೆ ಬರುವಂತಿರಲಿಲ್ಲ. ಊರಿನ ವಿದ್ಯಾವಂತರ ಮನೆಗಳಿಂದ ಪುಸ್ತಕಗಳನ್ನು ಕಡ ತಂದು, ದಿನದ ದುಡಿಮೆ ತೀರಿದ ಮೇಲೆ ಒಲೆಯ ಬೆಳಕಿನಲ್ಲಿ ಓದಿದನು. ಕರಾರು ಮುಗಿಯುವ ವೇಳೆಗೆ ಹೀಗೆ ಓದಿದ ಪುಸ್ತಕಗಳು ಸಾವಿರದ ಸಮೀಪಕ್ಕೆ ಬಂದಿದ್ದುವೆಂದು ಆತನ ಜೀವನಚರಿತ್ರಕಾರರು ಬರೆಯುತ್ತಾರೆ. ಕುರಿ ಎತ್ತುಗಳನ್ನು ಮಾರಿದಾಗ ಕೈಗೆ ಬಂದುದು 84 ಡಾಲರು. ಬಿಡುಗಡೆಯಾದ ಮೊದಲ ತಿಂಗಳು ಕಾಡಿನಲ್ಲಿ ದಿಮ್ಮಿ ಕಡಿದು, ನಸುಕಿಗೆ ಮುನ್ನ ಎದ್ದು ಕತ್ತಲಾಗುವವರೆಗೆ ದುಡಿದುದಕ್ಕೆ ದೊರೆತ ಸಂಬಳ ಆರು ಡಾಲರು.

1833ರಲ್ಲಿ, ಇಪ್ಪತ್ತೊಂದು ತುಂಬಿದ ವರ್ಷವೇ, ಸಂಸ್ಥಾನದ ಶಾಸನಸಭೆಯ ಅನುಮತಿ ಪಡೆದು ತನ್ನ ಹೆಸರನ್ನು ಹೆನ್ರಿ ವಿಲ್ಸನ್ ಎಂದು ಬದಲಿಸಿಕೊಂಡನು. ಸಿರಿವಂತನ ಆಸ್ತಿಯ ಆಸೆಗಾಗಿ ಇಟ್ಟ ಹೆಸರನ್ನು ಕಳಚಿಹಾಕಿದುದು ಅವನ ಸ್ವಾತಂತ್ರ್ಯದ ಮೊದಲ ಕಾರ್ಯವೆನ್ನಬಹುದು. ಅದೇ ವರ್ಷ ನೂರು ಮೈಲಿಗೂ ಹೆಚ್ಚಿನ ದಾರಿಯನ್ನು ಕಾಲ್ನಡಿಗೆಯಲ್ಲಿ ಕ್ರಮಿಸಿ ಮ್ಯಾಸಚೂಸೆಟ್ಸ್ ಸಂಸ್ಥಾನದ ನೇಟಿಕ್ ಎಂಬ ಊರನ್ನು ಸೇರಿದನು.

ಆ ಕಾಲದ ನೇಟಿಕ್ ಜೋಡು ಹೊಲಿಯುವವರ ಊರು. ದೊಡ್ಡ ಕಾರ್ಖಾನೆಗಳು ಇನ್ನೂ ಬಂದಿರಲಿಲ್ಲ. ಮನೆಯ ಹಿತ್ತಲಲ್ಲಿ ಹತ್ತು ಅಡಿ ಉದ್ದಗಲದ ಒಂದು ಮರದ ಕೋಣೆ. ಅದರೊಳಗೆ ಗಿಡ್ಡ ಪೀಠಗಳ ಮೇಲೆ ಕುಳಿತು ಮೂರು ನಾಲ್ಕು ಜನ ತೊಗಲು ಕತ್ತರಿಸುವುದು, ಅಟ್ಟೆ ಹೊಂದಿಸಿ ಹೊಲಿಯುವುದು. ಕೈ ಕೆಲಸದಲ್ಲಿ, ಬಾಯಿ ಮಾತಿನಲ್ಲಿ. ಒಬ್ಬನು ಪತ್ರಿಕೆ ಓದಿದರೆ ಉಳಿದವರು ವಾದಕ್ಕಿಳಿಯುವರು. ವಿಲ್ಸನ್ನನು ಅಲ್ಲಿ ಒಬ್ಬ ಮೋಚಿಯ ಬಳಿ ಕೆಲಸ ಕಲಿಯಲು ಐದು ತಿಂಗಳ ಕರಾರು ಮಾಡಿಕೊಂಡನು. ಏಳು ವಾರಗಳಲ್ಲಿಯೇ ಕಸುಬು ಕೈಗೆ ಹತ್ತಲು, ಹದಿನೈದು ಡಾಲರು ಕೊಟ್ಟು ಕರಾರನ್ನು ಬಿಡಿಸಿಕೊಂಡು ಸ್ವತಂತ್ರವಾಗಿ ಹೊಲಿಯತೊಡಗಿದನು. ಊರಿನ ಚರ್ಚಾಸಂಘವನ್ನು ಸೇರಿ ಸಭೆಯಲ್ಲಿ ನಿಂತು ಮಾತನಾಡುವುದನ್ನೂ ಕಲಿತನು.

1836ರಲ್ಲಿ, ಎಡೆಬಿಡದ ದುಡಿಮೆಯಿಂದ ದೇಹ ಸೋತಿರಲು, ಹವೆ ಬದಲಿಗೆಂದು ರಾಜಧಾನಿ ವಾಷಿಂಗ್ಟನ್ನಿಗೆ ಹೋದನು. ಗುಲಾಮರನ್ನು ಆತನು ಕಣ್ಣಾರೆ ಕಂಡದ್ದು ಈ ಪ್ರಯಾಣದಲ್ಲಿ. ಮೇರಿಲ್ಯಾಂಡಿನ ಹೊಲಗಳಲ್ಲಿ ಹೆಂಗಸರು ಗಂಡಸರು ಕಾವಲಿನಲ್ಲಿ ದುಡಿಯುತ್ತಿದ್ದರು. ರಾಜಧಾನಿಯಲ್ಲಿ, ಸಂಸತ್ ಭವನದಿಂದ ಬಹುದೂರವಲ್ಲದೆಡೆಯಲ್ಲಿ, ಮನುಷ್ಯರನ್ನು ದೊಡ್ಡಿಯಲ್ಲಿ ಕೂಡಿಹಾಕಿ ದಕ್ಷಿಣದ ಸಂತೆಗಳಿಗೆ ಸಾಗಿಸುವ ವ್ಯಾಪಾರ ನಿರಾತಂಕವಾಗಿ ನಡೆದಿತ್ತು. ಗಂಡನನ್ನು ಒಂದೆಡೆಗೆ, ಹೆಂಡತಿಯನ್ನು ಇನ್ನೊಂದೆಡೆಗೆ, ಮಕ್ಕಳನ್ನು ಮತ್ತೊಂದೆಡೆಗೆ ಮಾರುವರು. ತಾನೂ ಬಾಲ್ಯದಲ್ಲಿ ತಾಯಿಯ ಮನೆಯಿಂದ ಆಳಾಗಿ ಹೋದವನೇ. ಆದರೆ ತನ್ನನ್ನು ಯಾರೂ ಮಾರಿರಲಿಲ್ಲ. ತನ್ನ ದುಡಿಮೆಗೆ ಕೊನೆಯ ದಿನವಿತ್ತು. ಅಲ್ಲಿಂದ ಹಿಂದಿರುಗಿದವನು ಗುಲಾಮಗಿರಿಯನ್ನು ಕಿತ್ತೊಗೆಯುವ ಸಂಕಲ್ಪದೊಡನೆ ಬಂದನೆಂದು ಆತನೇ ಹೇಳಿದ್ದಾನೆ.

ಇಲ್ಲಿ ವಾಚಕರು ಗಮನಿಸಬೇಕಾದ ಒಂದು ಸಂಗತಿಯಿದೆ. ನೇಟಿಕ್ಕಿನಲ್ಲಿ ತಯಾರಾಗುತ್ತಿದ್ದುದು ಬಹುಪಾಲು ಒರಟು ತೊಗಲಿನ, ಅಗ್ಗದ, ದುಡಿಯುವವರ ಜೋಡು. ಅದರ ಪ್ರಧಾನ ಗಿರಾಕಿಗಳಾರು? ದಕ್ಷಿಣದ ಹತ್ತಿಯ ತೋಟಗಳ ಒಡೆಯರು. ತಮ್ಮ ಗುಲಾಮರ ಕಾಲಿಗೆಂದು ಅವರು ಉತ್ತರದ ಈ ಜೋಡುಗಳನ್ನು ಸಗಟಾಗಿ ಕೊಳ್ಳುತ್ತಿದ್ದರು. ನೇಟಿಕ್ಕಿನ ಒಲೆ ಉರಿಯುತ್ತಿದ್ದುದು ಬಹುಮಟ್ಟಿಗೆ ಆ ಹಣದಿಂದ. ವಿಲ್ಸನ್ನನು 1838ರಲ್ಲಿ ಹನ್ನೆರಡು ಡಾಲರಿನ ಬಂಡವಾಳದಿಂದ ಸ್ವಂತ ತಯಾರಿಕೆಯನ್ನು ಆರಂಭಿಸಿ, ಮುಂದೆ ನೂರಕ್ಕೂ ಹೆಚ್ಚು ಜನರಿಗೆ ಕೆಲಸ ಕೊಡುವಷ್ಟು ಬೆಳೆದಾಗ ಅವನ ಸರಕೂ ದಕ್ಷಿಣದ ಪೇಟೆಗೇ ಹೋಗುತ್ತಿತ್ತು. ಗುಲಾಮಗಿರಿಯ ವಿರುದ್ಧ ಬಾಯಿ ತೆರೆದ ಪ್ರತಿಯೊಂದು ಸಲವೂ ಆತನು ತನ್ನ ಗಿರಾಕಿಗಳ ವಿರುದ್ಧವೇ ಬಾಯಿ ತೆರೆದಂತೆ. ಕಸುಬು ಒಂದು ಕಡೆಗೆ ಎಳೆಯುವಾಗ ಅಂತಃಸಾಕ್ಷಿ ಇನ್ನೊಂದು ಕಡೆಗೆ ಎಳೆದರೆ ಹೆಚ್ಚಿನವರು ಏನು ಮಾಡುತ್ತಾರೆಂಬುದು ನಮಗೆ ಗೊತ್ತಿಲ್ಲದ ವಿಷಯವಲ್ಲ. ವಿಲ್ಸನ್ನನು ವ್ಯಾಪಾರವನ್ನು ನಿಲ್ಲಿಸಲಿಲ್ಲ, ಮಾತನ್ನೂ ನಿಲ್ಲಿಸಲಿಲ್ಲ. ಇದನ್ನು ದ್ವಂದ್ವವೆಂದು ಹಳಿಯುವವರು ಹಳಿಯಲಿ. ಆತನು ನಷ್ಟಕ್ಕೆ ಎದೆಯೊಡ್ಡಿ ಮಾತನಾಡಿದನೆಂಬುದಂತೂ ನಿಜ.

1840ರ ಅಧ್ಯಕ್ಷ ಚುನಾವಣೆಯ ಕಾಲದಲ್ಲಿ ಊರೂರು ತಿರುಗಿ ಭಾಷಣ ಮಾಡುತ್ತಿದ್ದ ಈ ತರುಣನಿಗೆ ‘ನೇಟಿಕ್ಕಿನ ಮೋಚಿ’ ಎಂಬ ಹೆಸರು ಬಿದ್ದಿತು. ಕೆಲವರು ಅದನ್ನು ಹಾಸ್ಯಕ್ಕೆ ಬಳಸಿದರು. ಆತನು ಅದನ್ನು ಬಿರುದಿನಂತೆ ಧರಿಸಿದನು. ಹ್ಯಾರಿಯೆಟ್ ಹೋ ಎಂಬಾಕೆಯನ್ನು ವಿವಾಹವಾದುದೂ ಅದೇ ವರ್ಷ. ಸಂಸ್ಥಾನದ ಶಾಸನಸಭೆ, ಅನಂತರ ಅದರ ಮೇಲ್ಮನೆ, 1851 ಮತ್ತು 1852ರಲ್ಲಿ ಆ ಮೇಲ್ಮನೆಯ ಅಧ್ಯಕ್ಷತೆ, ಹೀಗೆ ಮೇಲೇರಿದನು. 1848ರಲ್ಲಿ ಆತನ ವ್ಹಿಗ್ ಪಕ್ಷವು ಗುಲಾಮರ ಒಡೆಯನಾದ ಸೇನಾನಿ ಟೇಲರನನ್ನು ಅಧ್ಯಕ್ಷ ಪದವಿಗೆ ನಿಲ್ಲಿಸಿದಾಗ, ಫಿಲಡೆಲ್ಫಿಯದ ಮಹಾಸಭೆಯಿಂದಲೇ ಎದ್ದು ಹೊರನಡೆದು, ಗುಲಾಮಗಿರಿಯ ವಿಸ್ತರಣವನ್ನು ವಿರೋಧಿಸುವ ಹೊಸ ಪಕ್ಷವನ್ನು ಕಟ್ಟುವುದರಲ್ಲಿ ಕೈಗೂಡಿಸಿದನು.

ಆತನ ಚರಿತ್ರೆಯಲ್ಲಿ ಕಲೆಯಿಲ್ಲದೆ ಇಲ್ಲ. 1854ರಲ್ಲಿ ಆತನು ‘ನೋ ನಥಿಂಗ್’ ಎಂಬ ಅಡ್ಡಹೆಸರಿನ ಪಕ್ಷವನ್ನು ಸೇರಿದನು. ಐರ್ಲೆಂಡ್ ಮೊದಲಾದ ಕಡೆಗಳಿಂದ ಹೊಟ್ಟೆಪಾಡಿಗಾಗಿ ವಲಸೆ ಬಂದ ಕ್ಯಾಥೊಲಿಕ್ ಬಡವರನ್ನು ದ್ವೇಷಿಸುವುದೇ ಅದರ ಮುಖ್ಯ ಬಂಡವಾಳ. ಆ ಪಕ್ಷದ ಬಲದಿಂದಲೇ 1855ರಲ್ಲಿ ಆತನು ರಾಷ್ಟ್ರದ ಸೆನೆಟ್ಟಿಗೆ ಆಯ್ಕೆಯಾದನು. ಕೆಲವೇ ತಿಂಗಳಲ್ಲಿ ಗುಲಾಮಗಿರಿಯ ಪ್ರಶ್ನೆಯನ್ನೆತ್ತಿ ಆ ಪಕ್ಷವನ್ನು ಒಡೆದು ಹೊರಬಂದನೆಂಬುದು ನಿಜ. ಒಡೆಯುವುದಕ್ಕಾಗಿಯೇ ಒಳಹೊಕ್ಕನೆಂದು ವಾದಿಸುವವರೂ ಉಂಟು. ಆದರೆ ಪರಕೀಯರೆಂಬ ಕಾರಣಕ್ಕೆ ಬಡವರನ್ನು ಹಳಿಯುವವರ ಹೆಗಲೇರಿ ಗುಲಾಮರ ಪರವಾಗಿ ಮಾತನಾಡಲು ಹೋದುದು ನಮ್ಮ ಮನಸ್ಸಿಗೆ ಒಪ್ಪುವಂಥದಲ್ಲ.

ಆಗಿನ ಸೆನೆಟ್ ಪಂಡಿತರ ಸಭೆಯಷ್ಟೇ ಅಲ್ಲ, ಪುಂಡರ ಸಭೆಯೂ ಆಗಿತ್ತು. 1856ರ ಮೇ ತಿಂಗಳಲ್ಲಿ ದಕ್ಷಿಣ ಕ್ಯಾರೊಲಿನದ ಪ್ರತಿನಿಧಿ ಬ್ರೂಕ್ಸನು ಸಭಾಂಗಣದೊಳಗೆ ಬಂದು, ತನ್ನ ಮೇಜಿನ ಮುಂದೆ ಕುಳಿತು ಬರೆಯುತ್ತಿದ್ದ ಮ್ಯಾಸಚೂಸೆಟ್ಸಿನ ಚಾರ್ಲ್ಸ್ ಸಮ್ನರನನ್ನು ಬೆತ್ತದಿಂದ ಪ್ರಜ್ಞೆ ತಪ್ಪುವಂತೆ ಹೊಡೆದನು. ಸಮ್ನರನ ಅಪರಾಧವೆಂದರೆ ಗುಲಾಮಗಿರಿಯ ವಿರುದ್ಧ ಮಾಡಿದ ಭಾಷಣ. ವಿಲ್ಸನ್ನನು ಎದ್ದುನಿಂತು, ಇದು ಪಾಶವಿಕವೂ ಹೇಡಿತನದ್ದೂ ಆದ ಹಲ್ಲೆಯೆಂದು ತುಂಬಿದ ಸಭೆಯಲ್ಲಿ ಸಾರಿದನು. ಬ್ರೂಕ್ಸನು ದ್ವಂದ್ವಯುದ್ಧಕ್ಕೆ ಆಹ್ವಾನ ಕಳುಹಿಸಲು, ದ್ವಂದ್ವಯುದ್ಧವು ಅನಾಗರಿಕ ಕಾಲದ ಪಳೆಯುಳಿಕೆ, ಕಾನೂನಿನ ದೃಷ್ಟಿಯಲ್ಲಿ ಅಪರಾಧ, ಆದರೆ ಆತ್ಮರಕ್ಷಣೆಯ ಹಕ್ಕನ್ನು ನಾನು ಬಿಟ್ಟುಕೊಟ್ಟಿಲ್ಲ ಎಂದು ಉತ್ತರಿಸಿ ಸುಮ್ಮನಾದನು. ತಾನಾಡಿದ ಮಾತನ್ನು ಹಿಂದೆಗೆದುಕೊಳ್ಳಲಿಲ್ಲ.

ಎರಡು ವರ್ಷಗಳ ಬಳಿಕ, 1858ರ ಮಾರ್ಚ್ 4ರಂದು, ದಕ್ಷಿಣ ಕ್ಯಾರೊಲಿನದ ಸೆನೆಟರ್ ಹ್ಯಾಮಂಡನು ಒಂದು ಪ್ರಸಿದ್ಧ ಭಾಷಣ ಮಾಡಿದನು. ಅವನ ವಾದ ಹೀಗಿತ್ತು: ಮನೆ ಕಟ್ಟುವಾಗ ಕೆಸರಿನ ಮೇಲೆ ಹಾಸುವ ಅಡಿತೊಲೆಯಂತೆ, ಯಾವ ಸಮಾಜಕ್ಕೇ ಆಗಲಿ ಹೀನ ಕೆಲಸಗಳನ್ನು ಮಾಡುವ ಒಂದು ಕೆಳವರ್ಗ ಇರಲೇಬೇಕು. ನಾವು ಅವರನ್ನು ಗುಲಾಮರೆಂದು ಕರೆಯುತ್ತೇವೆ. ಉತ್ತರದವರಾದ ನೀವು ಕೂಲಿಗಳೆಂದು ಕರೆಯುತ್ತೀರಿ. ನಿಮ್ಮ ಕೈಕೆಲಸದವರೆಲ್ಲರೂ ನಿಜದಲ್ಲಿ ಗುಲಾಮರೇ. ನಮ್ಮ ಗುಲಾಮರಿಗೆ ಜೀವಮಾನದ ಅನ್ನವುಂಟು, ನಿಮ್ಮವರಿಗೆ ಅದೂ ಇಲ್ಲ.

ಕೇಳಲು ಚೆನ್ನಾಗಿದ್ದ ವಾದ. ಉತ್ತರದ ಗಿರಣಿಗಳಲ್ಲಿ ಕೂಲಿಗಾರರ ಪಾಡು ಮರುಕಪಡುವಂತಿತ್ತೆಂಬುದೂ ಸುಳ್ಳಲ್ಲ. ಇದಕ್ಕೆ ಪುಸ್ತಕ ನೋಡಿ ಉತ್ತರ ಹೇಳಬಲ್ಲವರು ಸೆನೆಟ್ಟಿನಲ್ಲಿ ಹಲವರಿದ್ದರು. ಮೈಮೇಲಿನ ಅನುಭವದಿಂದ ಉತ್ತರ ಹೇಳಬಲ್ಲವನು ವಿಲ್ಸನ್. ಮಾರ್ಚ್ 20ರಂದು ಎದ್ದುನಿಂತು, ನಾನು ಕೂಲಿಕಾರನ ಮಗ, ಎಪ್ಪತ್ತರ ಸಮೀಪದ ನನ್ನ ತಂದೆ ಈಗಲೂ ದಿನಗೂಲಿಯಿಂದ ಬದುಕುತ್ತಿದ್ದಾನೆ, ನಾನೂ ಕೂಲಿಯಾಗಿದ್ದವನು ಎಂದು ಆರಂಭಿಸಿದನು. ಬಡತನವೂ ಗುಲಾಮತನವೂ ಒಂದೇ ಅಲ್ಲವೆಂಬುದು ಆ ಭಾಷಣದ ತಿರುಳು. ಕೂಲಿಯವನು ಹಸಿದಿರಬಹುದು, ಆದರೆ ಅವನ ಹೆಂಡತಿಮಕ್ಕಳನ್ನು ಯಾರೂ ಮಾರಲಾರರು, ಅವನು ಪುಸ್ತಕ ಮುಟ್ಟಿದರೆ ಶಿಕ್ಷಿಸಲಾರರು, ನಾಳೆ ಅವನು ನೂರು ಮೈಲಿ ನಡೆದುಹೋಗಿ ಬೇರೆ ಕಸುಬು ಹಿಡಿದರೆ ನಾಯಿಗಳನ್ನು ಬಿಟ್ಟು ಹಿಡಿದು ತರಲಾರರು. ಸೆನೆಟ್ಟಿನ ಪೀಠದಲ್ಲಿ ಕುಳಿತಿದ್ದ ಮೋಚಿಯ ಎದುರಿನಲ್ಲಿ ಹ್ಯಾಮಂಡನ ಅಡಿತೊಲೆಯ ವಾದಕ್ಕೆ ಬೇರೆ ಖಂಡನೆ ಬೇಕಿರಲಿಲ್ಲ. ‘ದುಡಿಯುವವರು ಗುಲಾಮರೇ?’ ಎಂಬ ಶೀರ್ಷಿಕೆಯಲ್ಲಿ ಆ ಭಾಷಣ ಅಚ್ಚಾಗಿ ಹಂಚಿಹೋಯಿತು.

1861ರಲ್ಲಿ ಅಂತರ್ಯುದ್ಧ ಆರಂಭವಾದಾಗ ವಿಲ್ಸನ್ನನು ಸೆನೆಟ್ಟಿನ ಸೇನಾವ್ಯವಹಾರ ಸಮಿತಿಯ ಅಧ್ಯಕ್ಷ. ಸೈನ್ಯ ಕೂಡಿಸುವ, ಸಂಬಳ ಗೊತ್ತುಮಾಡುವ ಶಾಸನಗಳೆಲ್ಲ ಆತನ ಮೇಜಿನ ಮೇಲಿನಿಂದಲೇ ಹೋಗಬೇಕು. ಆದರೆ ಆತನ ಹೆಸರು ನಿಲ್ಲುವುದು ಇನ್ನೊಂದು ಶಾಸನದಿಂದ. ಇಪ್ಪತ್ತೈದು ವರ್ಷಗಳ ಹಿಂದೆ ಯಾವ ನಗರದಲ್ಲಿ ಮನುಷ್ಯರ ದೊಡ್ಡಿಯನ್ನು ಕಂಡಿದ್ದನೋ ಆ ರಾಜಧಾನಿಯಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸುವ ಮಸೂದೆಯನ್ನು 1861ನೆಯ ಡಿಸೆಂಬರ್ 16ರಂದು ಮಂಡಿಸಿದನು. 1862ನೆಯ ಏಪ್ರಿಲ್ 16ರಂದು ಲಿಂಕನ್ನನು ಅದಕ್ಕೆ ಅಂಕಿತ ಹಾಕಿದನು. ಲಿಂಕನ್ನನ ಪ್ರಸಿದ್ಧ ವಿಮೋಚನಾ ಘೋಷಣೆ ಜಾರಿಗೆ ಬರುವುದಕ್ಕೆ ಎಂಟು ತಿಂಗಳಿಗೂ ಮೊದಲೇ ಸುಮಾರು 3,100 ಜನ ಬಿಡುಗಡೆ ಹೊಂದಿದರು. ಏಪ್ರಿಲ್ 16 ಇಂದಿಗೂ ವಾಷಿಂಗ್ಟನ್ನಿನಲ್ಲಿ ವಿಮೋಚನಾ ದಿನ.

ಈ ಶಾಸನದಲ್ಲಿ ಒಡೆಯರಿಗೆ ತಲೆಯೊಂದಕ್ಕೆ 300 ಡಾಲರಿನವರೆಗೆ ಪರಿಹಾರವಿತ್ತು. ಜೀವಮಾನವೆಲ್ಲ ಬಿಟ್ಟಿ ದುಡಿದವನಿಗೆ ಏನೂ ಇಲ್ಲ. ದೇಶ ಬಿಟ್ಟು ಹೋಗಲು ಒಪ್ಪಿದರೆ ಮಾತ್ರ ನೂರು ಡಾಲರಿನವರೆಗೆ. ಮರುವರ್ಷ ವಿಲ್ಸನ್ನನೇ ಮಂಡಿಸಿದ ಕಡ್ಡಾಯ ಸೈನ್ಯಭರ್ತಿಯ ಶಾಸನದಲ್ಲಿಯೂ ಇದೇ 300ರ ಅಂಕಿ ಕಾಣಿಸಿಕೊಂಡಿತು: ಅಷ್ಟು ಹಣ ಕಟ್ಟಿದವನು ಯುದ್ಧಕ್ಕೆ ಹೋಗಬೇಕಾಗಿರಲಿಲ್ಲ. ಉಳ್ಳವರು ಕಟ್ಟಿದರು, ಕೂಲಿಗಳು ಹೋದರು. 1863ರ ಜುಲೈಯಲ್ಲಿ ನ್ಯೂಯಾರ್ಕಿನ ಬಡ ಐರಿಷರು ದಂಗೆಯೆದ್ದು, ಆ ರೋಷವನ್ನು ತಮಗಿಂತ ಬಡವರಾದ ಕಪ್ಪುಜನರ ಮೇಲೆ ತೀರಿಸಿಕೊಂಡರು. ಆರು ಡಾಲರಿಗೆ ಒಂದು ತಿಂಗಳು ದಿಮ್ಮಿ ಕಡಿದವನಿಗೆ 300 ಡಾಲರೆಂದರೆ ಎಷ್ಟು ತಿಂಗಳ ಬದುಕೆಂಬುದು ಆ ಹೊತ್ತಿಗೆ ನೆನಪಾಗಲಿಲ್ಲವೆ ಎಂದು ಕೇಳಬೇಕೆನಿಸುತ್ತದೆ.

ಸಂಬಳದ ವಿಷಯದಲ್ಲಿ ಮಾತ್ರ ಆತನು ನೆನಪಿಟ್ಟಿದ್ದನು. ಕಪ್ಪುಜನರು ಸೈನ್ಯ ಸೇರಲು ದಾರಿ ಮಾಡಿದ 1862ರ ಶಾಸನದಂತೆ ಬಿಳಿಯ ಸಿಪಾಯಿಗೆ ತಿಂಗಳಿಗೆ 13 ಡಾಲರಾದರೆ ಕಪ್ಪು ಸಿಪಾಯಿಗೆ 10. ಅದರಲ್ಲಿಯೂ ಬಟ್ಟೆಯ ಲೆಕ್ಕಕ್ಕೆ 3 ಡಾಲರು ಕಡಿತ. ಮ್ಯಾಸಚೂಸೆಟ್ಸಿನ ಕಪ್ಪು ಸೈನಿಕರು ಇಂಥ ಸಂಬಳವನ್ನು ಮುಟ್ಟೆವೆಂದು ತಿಂಗಳುಗಟ್ಟಲೆ ಬರಿಗೈಯಲ್ಲಿ ಹೋರಾಡಿದರು. ವಿಲ್ಸನ್ನನು ಸೆನೆಟ್ಟಿನಲ್ಲಿ ಮೇಲಿಂದ ಮೇಲೆ ಈ ಪ್ರಶ್ನೆಯನ್ನೆತ್ತಿ, 1864ರ ಜೂನ್ ತಿಂಗಳಲ್ಲಿ ಸಮಾನ ಸಂಬಳದ ಶಾಸನವಾಗುವಂತೆ ಮಾಡಿದನು. ಆ ಸಿಪಾಯಿಗಳ ಹೆಂಡತಿಮಕ್ಕಳನ್ನು ಗುಲಾಮತನದಿಂದ ಬಿಡಿಸುವ ಶಾಸನ 1865ರ ಮಾರ್ಚ್ ತಿಂಗಳಲ್ಲಿ ಆಯಿತು.

ಯುದ್ಧ ಮುಗಿಯಿತು, ಲಿಂಕನ್ನನು ಹತನಾದನು, ದರ್ಜಿಯಾಗಿದ್ದ ಆಂಡ್ರೂ ಜಾನ್ಸನ್ನನು ಅಧ್ಯಕ್ಷನಾದನು. ಅವನ ಬಾಲ್ಯವನ್ನು ಇಲ್ಲಿ ನೆನೆಯಬೇಕು. 1808ರಲ್ಲಿ ಉತ್ತರ ಕ್ಯಾರೊಲಿನದ ರಾಲೇ ಪಟ್ಟಣದಲ್ಲಿ ಹುಟ್ಟಿದ ಈ ಅನಾಥಪ್ರಾಯ ಬಾಲಕನನ್ನೂ ಒಬ್ಬ ದರ್ಜಿಯಲ್ಲಿ ಇಪ್ಪತ್ತೊಂದರವರೆಗೆ ಕರಾರಿಗೆ ಬಿಟ್ಟಿದ್ದರು. 1824ರಲ್ಲಿ ಅವನು ಅಣ್ಣನೊಡನೆ ಓಡಿಹೋದನು. ಹಿಡಿದುಕೊಟ್ಟವರಿಗೆ ಹತ್ತು ಡಾಲರು ಬಹುಮಾನವೆಂದು ಒಡೆಯನು ಪತ್ರಿಕೆಯಲ್ಲಿ ಪ್ರಕಟಿಸಿದನು. ಓಡಿಹೋದ ಆ ಹುಡುಗನೇ ಟೆನೆಸಿಯಲ್ಲಿ ಅಂಗಡಿಯಿಟ್ಟು, ಹೆಂಡತಿಯ ನೆರವಿನಿಂದ ಬರಹವನ್ನು ತಿದ್ದಿಕೊಂಡು, ಗವರ್ನರನೂ ಸೆನೆಟರನೂ ಆದನು. ಮೇಲೆ ಬಂದ ಬಳಿಕ ಕೆಲವು ಗುಲಾಮರನ್ನೂ ಕೊಂಡನು. ದೊಡ್ಡ ತೋಟಗಾರರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ದಕ್ಷಿಣವು ದಂಗೆಯೆದ್ದಾಗ ರಾಷ್ಟ್ರದ ಪಕ್ಷದಲ್ಲಿ ಧೈರ್ಯದಿಂದ ನಿಂತನು. ಈ ಗೌರವ ಅವನಿಗೆ ಸಲ್ಲಬೇಕು.

ಆದರೆ 1865ರ ಕೊನೆಯಲ್ಲಿ ಸೋತ ದಕ್ಷಿಣದ ಸಂಸ್ಥಾನಗಳು ಹೊಸ ಕಾನೂನುಗಳನ್ನು ಮಾಡತೊಡಗಿದುವು. ಮಿಸಿಸಿಪ್ಪಿಯ ಒಂದು ಕಾನೂನು ಹೀಗೆ: ಬಿಡುಗಡೆಯಾದ ಕಪ್ಪುಜನರ ಮಕ್ಕಳಲ್ಲಿ ಹದಿನೆಂಟರೊಳಗಿನ ಅನಾಥರನ್ನೂ, ತಂದೆತಾಯಿಗಳು ಸಾಕಲಾರದವರನ್ನೂ ನ್ಯಾಯಾಲಯವು ಕರಾರಿನ ಆಳಾಗಿ ಬಿಡಬೇಕು; ಹಿಂದಿನ ಒಡೆಯನಿಗೇ ಮೊದಲ ಹಕ್ಕು; ಓಡಿಹೋದರೆ ಹಿಡಿದು ತರಬಹುದು. ಕರಾರಿನ ಆಳಾಗಿ ಬೆಳೆದ ಇಬ್ಬರ ಮುಂದೆ ಈ ಕಾನೂನು ಬಂದು ನಿಂತಂತಾಯಿತು. ವಿಲ್ಸನ್ನನು ಡಿಸೆಂಬರಿನಲ್ಲಿ ಸೆನೆಟ್ ಸೇರಿದೊಡನೆಯೇ ಇಂಥ ಪಕ್ಷಪಾತದ ಕಾನೂನುಗಳೆಲ್ಲ ಅಸಿಂಧುವೆಂದು ಸಾರುವ ಮಸೂದೆಯನ್ನು ತಂದನು. ಹತ್ತು ಡಾಲರಿನ ಜಾಹೀರಾತಿಗೆ ಗುರಿಯಾಗಿ ತಲೆತಪ್ಪಿಸಿಕೊಂಡಿದ್ದ ಜಾನ್ಸನ್ನನು ಬಿಡುಗಡೆಯಾದವರ ನೆರವಿಗೆಂದು ಬಂದ ಮಸೂದೆಗೂ, ಅವರಿಗೆ ನಾಗರಿಕ ಹಕ್ಕು ಕೊಡುವ ಮಸೂದೆಗೂ 1866ರಲ್ಲಿ ಅಂಕಿತ ನಿರಾಕರಿಸಿದನು. ನಾಗರಿಕ ಹಕ್ಕುಗಳ ಮಸೂದೆಯನ್ನು ಸಂಸತ್ತು ಅವನ ನಿರಾಕರಣೆಯನ್ನು ಮೀರಿ ಶಾಸನವಾಗಿಸಿತು. 1868ರಲ್ಲಿ ಜಾನ್ಸನ್ನನ ಮೇಲೆ ಸೆನೆಟ್ಟಿನಲ್ಲಿ ಮಹಾಭಿಯೋಗ ನಡೆಯಲು ವಿಲ್ಸನ್ನನು ದೋಷಿಯೆಂದೇ ಮತ ಕೊಟ್ಟನು. 35 ಮತಗಳು ವಿರುದ್ಧವಾಗಿ, 19 ಪರವಾಗಿ ಬಿದ್ದುವು. ಪದಚ್ಯುತಿಗೆ ಒಂದು ಮತ ಕಡಿಮೆಯಾಯಿತು.

ವಿಲ್ಸನ್ನನ ಕೊನೆಯ ವರ್ಷಗಳು ಸುಖದವಲ್ಲ. ಒಬ್ಬನೇ ಮಗ ಸೈನ್ಯದಲ್ಲಿದ್ದಾಗ 1866ರಲ್ಲಿ ತೀರಿಕೊಂಡನು, ಪತ್ನಿ 1870ರಲ್ಲಿ. 1872ರಲ್ಲಿ ಗ್ರಾಂಟನ ಜೊತೆಗೆ ಉಪಾಧ್ಯಕ್ಷನಾಗಿ ಆಯ್ಕೆಯಾದನು. ಅದೇ ಕಾಲದಲ್ಲಿ ‘ಕ್ರೆಡಿಟ್ ಮೊಬಿಲಿಯರ್’ ಎಂಬ ರೈಲ್ವೆ ಹಗರಣದಲ್ಲಿ ಆತನ ಹೆಸರೂ ಕೇಳಿಬಂದಿತು. ಪತ್ನಿಯ ಹಣದಿಂದ ಷೇರು ಕೊಂಡು ಮತ್ತೆ ಹಿಂದಿರುಗಿಸಿದ್ದನೆಂಬ ವಿವರಣೆಯನ್ನು ವಿಚಾರಣಾ ಸಮಿತಿ ಒಪ್ಪಿತಾದರೂ, ಪತ್ರಿಕೆಗಳಿಗೆ ಮೊದಲು ಕೊಟ್ಟ ಹೇಳಿಕೆ ತಪ್ಪುದಾರಿಗೆಳೆಯುವಂತಿತ್ತೆಂದು ಆಕ್ಷೇಪಿಸಿತು. ಹದಿನೆಂಟು ವರ್ಷ ಸೆನೆಟರನಾಗಿದ್ದವನು 1873ರ ಮಾರ್ಚ್ 4ರ ಪದಗ್ರಹಣ ಸಮಾರಂಭದ ವೆಚ್ಚಕ್ಕೆ ಗೆಳೆಯ ಸಮ್ನರನಿಂದ ನೂರು ಡಾಲರು ಸಾಲ ಪಡೆಯಬೇಕಾಯಿತೆಂಬುದನ್ನೂ ಈ ಆಕ್ಷೇಪದ ಜೊತೆಗಿಟ್ಟು ತೂಗಬೇಕು.

ಕೆಲವೇ ವಾರಗಳಲ್ಲಿ ಪಾರ್ಶ್ವವಾಯು ಬಡಿಯಿತು. ಸಭೆಯ ಅಧ್ಯಕ್ಷತೆ ವಹಿಸುವುದು ಅಪರೂಪವಾಯಿತು. ಉಳಿದ ಶಕ್ತಿಯನ್ನೆಲ್ಲ ಅಮೇರಿಕದಲ್ಲಿ ಗುಲಾಮಪ್ರಭುತ್ವದ ಏಳುಬೀಳುಗಳ ಇತಿಹಾಸವನ್ನು ಬರೆಯುವುದಕ್ಕೆ ಮೀಸಲಿಟ್ಟನು. ಬಾಲ್ಯದಲ್ಲಿ ವರ್ಷಕ್ಕೊಂದು ತಿಂಗಳು ಮಾತ್ರ ಶಾಲೆ ಕಂಡವನ ಈ ಕೃತಿ ಮೂರು ದೊಡ್ಡ ಸಂಪುಟಗಳದು. ಕೊನೆಯ ಸಂಪುಟ ಹೊರಬಂದುದು ಆತನ ಮರಣಾನಂತರ.

1875ರ ಮಾರ್ಚ್ ತಿಂಗಳಲ್ಲಿ ಟೆನೆಸಿಯಿಂದ ಒಬ್ಬ ಹೊಸ ಸೆನೆಟರನು ಆಯ್ಕೆಯಾಗಿ ಬಂದನು. ಆತನೇ ಆಂಡ್ರೂ ಜಾನ್ಸನ್. ಅಧ್ಯಕ್ಷ ಪದವಿಯಿಂದ ಇಳಿದ ಮೇಲೆ ಸೆನೆಟ್ಟಿಗೆ ಹಿಂದಿರುಗಿದವನು ಅಮೇರಿಕದ ಇತಿಹಾಸದಲ್ಲಿ ಅವನೊಬ್ಬನೇ. ಏಳು ವರ್ಷಗಳ ಹಿಂದೆ ಯಾವ ಸಭಾಂಗಣದಲ್ಲಿ ಅವನ ವಿಚಾರಣೆ ನಡೆದಿತ್ತೋ ಅಲ್ಲಿಯೇ, ಆಗ ದೋಷಿಯೆಂದು ಮತ ಕೊಟ್ಟಿದ್ದ ವಿಲ್ಸನ್ನನು ಉಪಾಧ್ಯಕ್ಷ ಪೀಠದಿಂದ ಅವನಿಗೆ ಪ್ರಮಾಣವಚನ ಬೋಧಿಸಿದನು. ಇಬ್ಬರೂ ಕೈಕುಲುಕಿದರು.

ಜಾನ್ಸನ್ನನು ಆ ಜುಲೈ 31ರಂದು ತೀರಿಕೊಂಡನು. ನವೆಂಬರಿನಲ್ಲಿ ವಿಲ್ಸನ್ನನಿಗೆ ಮತ್ತೆ ಪಾರ್ಶ್ವವಾಯು ಬಡಿಯಲು, ಸಂಸತ್ ಭವನದೊಳಗಿನ ಉಪಾಧ್ಯಕ್ಷರ ಕೊಠಡಿಯಲ್ಲಿಯೇ ಹಾಸಿಗೆ ಹಾಕಿದರು. ಅಲ್ಲಿಯೇ 22ರ ಮುಂಜಾನೆ ಪ್ರಾಣ ಬಿಟ್ಟನು. ದೇಹವನ್ನು ನೇಟಿಕ್ಕಿಗೆ ಒಯ್ದು ಮಣ್ಣು ಮಾಡಿದರು. ಆತನು ಕುಳಿತು ಜೋಡು ಹೊಲಿಯುತ್ತಿದ್ದ ಮರದ ಕಿರುಕೋಣೆಯನ್ನು ಆ ಊರಿನವರು ಈಗಲೂ ಕಾಪಾಡಿಕೊಂಡು ಬಂದಿದ್ದಾರೆ.